ಹದಿನೈದು ದಿನ ಹಾಕ್ಕೊಂಡು ನೋಡಿ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ನಿಮಗೂ ಗೊತ್ತು. ಕನ್ನಡಕದಕ್ಕನ ಪಾಡು ಅವನಿಗಿಂತ ಕಡೆಯಾಗಿತ್ತು. ಅವಳನ್ನು ಯಾರೂ ಕಳ್ಳಿ ಎಂದಿರಲಿಲ್ಲ, ಹೋದಲ್ಲಿ ಬಂದಲ್ಲಿ ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವಳ ಕೈ ತನ್ನಷ್ಟಕ್ಕೆ ತಾನೇ ಹೆಗಲಿಗೆ ಹೋಗುತ್ತಿತ್ತು, ಚೀಲದ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ.

ಆ ಭಾನುವಾರ ಅದು ಬೆಳಿಗ್ಗೆ ಆರಕ್ಕೇ ಶುರುವಾಯಿತು. ಹಕ್ಕಿ ನೋಡಲು ಹೋಗುವುದಕ್ಕೆಂದು ಗಡಿಯಾರದಣ್ಣನ ಮನೆ ಬಾಗಿಲು ತಟ್ಟಿದರೆ, ಅವನ ಹೆಂಡತಿ ಚಹಾದ ಫ್ಲಾಸ್ಕಿನ ಮುಚ್ಚಳ ಬಿಗಿಮಾಡುತ್ತಲೇ ಹೊರಗೆ ಬಂದಳು.

“ಬಾಮ್ಮ, ಬಾ. ನೀನಿದ್ದೀಯ ಅಂತ ಧೈರ್ಯವಾಗಿ ಕಳಿಸ್ತಿದ್ದೀನಿ. ಅವತ್ತು ನೀನು ಕೈ ಹಿಡಿದು ಎಳ್ಕೊಂಡು ಆಸ್ಪತ್ರೆಗೆ ಹೋಗದೆ ಇದ್ದಿದ್ರೆ, ಇವರು ಉಳಿದ ದೃಷ್ಟೀನೂ ಕಳ್ಕೊಂಡು ಕೂತಿರೋರು. ನಿನ್ನ ಋಣ ಯಾವ ಜನ್ಮದಲ್ಲಿ ತೀರಿಸ್ತೀವೋ!”

“ಅಯ್ಯೋ, ಹಾಗೆಲ್ಲ ಅನ್ಬೇಡಿ ಅತ್ತಿಗೆ,” ಎಂದಳು ಕನ್ನಡಕದಕ್ಕ. ಕೈ ಹೆಗಲಿಗೆ ಹೋಯಿತು.

ಅತ್ತಿಗೆ ಅದನ್ನು ವಿನಯ ಎಂದುಕೊಂಡಳು. ಒಳಗೆ ಹೋಗಿ ಬೇಯಿಸಿದ ಮೊಟ್ಟೆ ಇನ್ನೆರಡು ಹೆಚ್ಚಿಗೆ ಕಟ್ಟಿ ತಂದಳು.

ಈ ಅಣ್ಣ-ತಂಗಿಯರು ಒಡಹುಟ್ಟಿದವರಲ್ಲ, ನೆಂಟರೂ ಅಲ್ಲ. ಬರೀ ಪಕ್ಕಪಕ್ಕದ ಅಂಗಡಿ. ಹಳೆಯ ಮೂರಂತಸ್ತಿನ ಕಟ್ಟಡ. ಮೆಟ್ಟಿಲಿನ ಎಡಕ್ಕೆ ಅವಳು ಅಪ್ಪನಿಂದ ವಹಿಸಿಕೊಂಡ ಕನ್ನಡಕದ ಅಂಗಡಿ, ಮೆಟ್ಟಿಲಿನ ಕೆಳಗೆ, ಎದ್ದು ನಿಂತರೆ ತಲೆ ತಾಗುವ ಗೂಡಿನಲ್ಲಿ ಅವನ ಗಡಿಯಾರ ರಿಪೇರಿ. ಅವಳಿಗೆ ನಲವತ್ತೇಳು, ಅವನಿಗೆ ಅರವತ್ತೊಂದು. ಹದಿನಾಲ್ಕು ವರ್ಷದ ಹಿಂದೆ, ವ್ಯಾಪಾರವಿಲ್ಲದ ಒಂದು ಮಧ್ಯಾಹ್ನ, ಎದುರು ಮನೆಯ ಮಾಳಿಗೆಯ ಅಂಚಿನಲ್ಲಿ ಬಾಲ ಕುಣಿಸುತ್ತಿದ್ದ ಹಕ್ಕಿಯೊಂದನ್ನು ತೋರಿಸಿ ಅವನು “ಕುಂಡೆಕುಸ್ಕ” ಎಂದ. ತನ್ನನ್ನೇ ಏನೋ ಅಂದ ಎಂದುಕೊಂಡು ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅವನು ಹಕ್ಕಿಯ ಪುಸ್ತಕವನ್ನೇ ತಂದು, ಪುಟ ತೆರೆದು, ಬೆರಳಿಟ್ಟು ಹೆಸರು ತೋರಿಸಿದ. ನಾಚಿಕೆಯಿಂದ ಅವಳು ಪುಸ್ತಕ ಇಸಿದುಕೊಂಡಳು. ಅಲ್ಲಿಂದ ಹಿಡಿದದ್ದು ಹುಚ್ಚು. ಅವಳ ಅತ್ತೆ ಇವತ್ತಿಗೂ ಗೊಣಗುತ್ತಾಳೆ: “ಹಿತ್ತಲಲ್ಲಿ ಇಷ್ಟೊಂದು ಕಾಗೆ ಇದಾವೆ, ಅವನ್ನ ನೋಡಿದ್ರೆ ಸಾಲ್ದಾ ಇವಳಿಗೆ?”

ಸಾಲುತ್ತಿರಲಿಲ್ಲ. ವರ್ಷವಿಡೀ ಬಿಡುವಾದಾಗ ನೋಡುವುದು ಬೇರೆ. ಮರಗಳೆಲ್ಲ ಚಿಗುರಿ ನಿಂತ ವಸಂತದ ಒಂದು ಭಾನುವಾರ ಮಾತ್ರ ಅವರಿಗೆ ಮೀಸಲು. ಅವತ್ತು ಬೆಳಿಗ್ಗೆ ಕಾಲುವೆ, ಆಮೇಲೆ ಕೆರೆ, ಮಧ್ಯಾಹ್ನದ ಹೊತ್ತಿಗೆ ಹಳೆಯ ಕಲ್ಲುಕ್ವಾರಿ. ಕಂಡ ಹಕ್ಕಿಯನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅದಕ್ಕೊಂದು ಕಟ್ಟುನಿಟ್ಟು: ಇಬ್ಬರೂ ಕಂಡರೆ ಮಾತ್ರ ಬರೆಯುವುದು. “ಒಬ್ಬರು ಕಂಡಿದ್ದು ಕನಸು, ಇಬ್ಬರು ಕಂಡಿದ್ದು ಹಕ್ಕಿ,” ಎನ್ನುತ್ತಿದ್ದ ಗಡಿಯಾರದಣ್ಣ. ಕೂದಲೆಳೆಯಷ್ಟು ದಪ್ಪದ ಸ್ಪ್ರಿಂಗನ್ನು ಕೂರಿಸುವ ಕೈಯ ಮನುಷ್ಯ ಅವನು, ಅಂದಾಜು ಎಂಬ ಮಾತೇ ಅವನಿಗೆ ಆಗದು.

ಇನ್ನು ತಪ್ಪಿನ ಕತೆ.

ಹೋದ ವರ್ಷ ಚಳಿಗಾಲದ ಕೊನೆಗೆ ಅವಳು ಅವನಿಗೊಂದು ಹೊಸ ಕನ್ನಡಕ ಮಾಡಿಕೊಟ್ಟಳು. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು, ನಡುವೆ ಗೆರೆಯಿಲ್ಲದ್ದು. ಈ ಗಾಜಿನ ಸ್ವಭಾವ ಕನ್ನಡಕದ ಅಂಗಡಿಯವರಿಗೆಲ್ಲ ಗೊತ್ತು. ಮೊದಮೊದಲು ಬಾಗಿಲ ಚೌಕಟ್ಟು ಬಾಗುತ್ತದೆ, ಮೆಟ್ಟಿಲು ತೇಲುತ್ತದೆ. ಹತ್ತರಲ್ಲಿ ಎಂಟು ಗಿರಾಕಿಗಳು ಮೂರನೆಯ ದಿನ ಬಂದು ಗೊಣಗುತ್ತಾರೆ. ಅದಕ್ಕೆ ಸಿದ್ಧ ಉತ್ತರವೂ ಇದೆ: “ಹದಿನೈದು ದಿನ ಹಾಕ್ಕೊಂಡು ನೋಡಿ, ಅಭ್ಯಾಸ ಆಗುತ್ತೆ.” ಈ ಮಾತನ್ನು ಅವಳು ಸಾವಿರ ಸಲ ಹೇಳಿದ್ದಳು. ಸಾವಿರ ಸಲವೂ ಅದು ನಿಜವಾಗಿತ್ತು, ಗ್ರಹಚಾರ.

ಗಡಿಯಾರದಣ್ಣ ಬಂದು, “ತಂಗೀ, ನಿಮಿಷದ ಮುಳ್ಳು ನಡುವೆ ಸೊಟ್ಟಗೆ ಕಾಣ್ಸುತ್ತೆ,” ಎಂದಾಗಲೂ ಅವಳು ತಲೆಯೆತ್ತದೆ ಅದನ್ನೇ ಹೇಳಿದಳು. ಹತ್ತು ದಿನ ಬಿಟ್ಟು ಮತ್ತೆ ಬಂದ. ಅಂಗಡಿಯ ತುಂಬ ಜನ. ಗಡಿಯಾರದವನ ಕಣ್ಣು, ಸಾಸಿವೆಯಷ್ಟು ಡೊಂಕನ್ನೂ ಬೆಟ್ಟ ಮಾಡುತ್ತಾನೆ ಎಂದುಕೊಂಡು ಮತ್ತೆ ಅದನ್ನೇ ಹೇಳಿ ಕಳಿಸಿದಳು. ಮೂರನೆಯ ಸಲವೂ ಬಂದ. ಆ ಮೂರನೆಯ ಸಲ ನಡೆದದ್ದನ್ನು ಅವಳು ತನಗೆ ತಾನೇ ಹೇಳಿಕೊಳ್ಳುವಾಗಲೂ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ನಾನೂ ಸದ್ಯಕ್ಕೆ ಅಲ್ಲಿಗೇ ನಿಲ್ಲಿಸುತ್ತೇನೆ.

ಅದಾದ ಎರಡು ತಿಂಗಳಿಗೆ ಅವಳು ಒಂದು ದಿನ ತಡೆಯಲಾರದೆ, ಕಣ್ಣು ಪರೀಕ್ಷಿಸುವ ಚೌಕುಳಿ ಗೆರೆಗಳ ಕಾರ್ಡು ತೆಗೆದು ಅವನ ಮುಂದೆ ಹಿಡಿದಳು. ನಡುವಿನ ಚೌಕಗಳು ಕಾಣುವುದೇ ಇಲ್ಲ ಎಂದ. ಅಂಗಡಿಗೆ ಬೀಗ ಹಾಕಿ, ಅವನ ಕೈ ಹಿಡಿದು ಎಳೆದುಕೊಂಡು ಕಣ್ಣಿನ ಆಸ್ಪತ್ರೆಗೆ ಓಡಿದಳು. ಜನ ನೋಡಿದ್ದು ಅದನ್ನೇ. ಡಾಕ್ಟರು ಬಲಗಣ್ಣಿನ ಹಿಂಪರದೆಯ ನಡುವೆ ನೀರು ತುಂಬಿ ಕಲೆ ಕೂತುಬಿಟ್ಟಿದೆ ಎಂದರು. “ಆರೇಳು ವಾರ ಮುಂಚೆ ಬಂದಿದ್ರೆ ಬಹಳಷ್ಟು ಉಳಿಸಬಹುದಿತ್ತು. ಯಾಕೆ ಬರ್ಲಿಲ್ಲ?” ಎಂದು ಕೇಳಿದರು. “ನನ್ನದೇ ಉದಾಸೀನ ಡಾಕ್ಟ್ರೇ,” ಎಂದ ಗಡಿಯಾರದಣ್ಣ. ಪಕ್ಕದಲ್ಲೇ ನಿಂತಿದ್ದ ಅವಳು ಗೋಡೆ ನೋಡುತ್ತಿದ್ದಳು.

ಆ ಬಲಗಣ್ಣು ಅವನು ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಿದ್ದ ಕಣ್ಣು. ಎಡಗಣ್ಣು ಹುಟ್ಟಿನಿಂದಲೇ ಮಂಕು. ಈಗ ಅವನು ಗಡಿಯಾರ ಬಿಚ್ಚುವುದಿಲ್ಲ. ಪಟ್ಟಿ ಬದಲಿಸುತ್ತಾನೆ, ಬ್ಯಾಟರಿ ಹಾಕುತ್ತಾನೆ, ಬಿಚ್ಚಬೇಕಾದ್ದನ್ನು ಬೇರೆಯವರಿಗೆ ಕಳಿಸುತ್ತಾನೆ. ಒಂದು ಸಂಜೆ ಎಳ್ಳಿನಷ್ಟು ತಿರುಪೊಂದು ಕೆಳಗೆ ಬಿದ್ದು, ಅವನು ಮೊಣಕಾಲೂರಿ ಅಂಗೈಯಿಂದ ನೆಲ ಸವರುತ್ತಿದ್ದುದನ್ನು ಅವಳು ತನ್ನ ಬಾಗಿಲಿನಿಂದ ನೋಡಿದಳು. ಹೋಗಿ ಹುಡುಕಿಕೊಡಲು ಕಾಲು ಬರಲಿಲ್ಲ. ಅವತ್ತೇ ನಿಶ್ಚಯಿಸಿದ್ದಳು, ವಸಂತದ ಭಾನುವಾರ ಬರಲಿ, ಎಲ್ಲ ಹೇಳಿಬಿಡುತ್ತೇನೆ ಎಂದು. ಹೇಳಿದರೆ ಅಣ್ಣ ಉಳಿಯುತ್ತಾನೋ ಇಲ್ಲವೋ, ಹೇಳದಿದ್ದರೆ ತಾನು ಉಳಿಯುವುದಿಲ್ಲ ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ಬಸ್ ಡಿಪೋ ಹಿಂದಿನ ಕಾಲುವೆಯ ದಂಡೆಗೆ ಬಂದಾಗ ಬಿಸಿಲು ಇನ್ನೂ ಎಳೆಯದು. ಜೊಂಡು ಹೊಸದಾಗಿ ಎದ್ದಿತ್ತು. ಡೀಸೆಲ್ ವಾಸನೆಯ ಜೊತೆಗೆ ಯಾವುದೋ ಹೂವಿನ ವಾಸನೆ, ಪುಕ್ಕಟೆ. ಗಡಿಯಾರದಣ್ಣ ಖುಷಿಯಲ್ಲಿದ್ದ. ಆಸ್ಪತ್ರೆ, ಸೂಜಿ, ಕಣ್ಣಿಗೆ ಕಟ್ಟಿದ ಹತ್ತಿ, ಎಲ್ಲ ಮುಗಿಸಿ ವರ್ಷದ ಮೇಲೆ ಹೊರಗೆ ಬಂದಿದ್ದ. ಅವನೀಗ ಏನನ್ನಾದರೂ ನೋಡಬೇಕೆಂದರೆ ಮುಖವನ್ನು ಅದರಿಂದ ಆಚೆ ತಿರುಗಿಸುತ್ತಾನೆ, ಕಣ್ಣಿನ ನಡುವೆ ಏನೂ ಉಳಿದಿಲ್ಲ, ಅಂಚಿನಲ್ಲಿ ಇದೆ. ಎದುರಿಗೆ ಬಂದ ಡಿಪೋ ಕಾವಲುಗಾರ ನಮಸ್ಕಾರ ಹೇಳಿದ. ಇವನು ಜೊಂಡಿನ ಕಡೆ ಮುಖ ಮಾಡಿ ಪ್ರೀತಿಯಿಂದ ನಕ್ಕ. ಕಾವಲುಗಾರ ಜೊಂಡಿನಲ್ಲಿ ಯಾರಿದ್ದಾರೆ ಎಂದು ತಿರುಗಿ ತಿರುಗಿ ನೋಡುತ್ತ ಹೋದ.

“ಅಣ್ಣಾ, ಒಂದು ಮಾತು ಹೇಳೋದಿತ್ತು,” ಎಂದಳು.

“ಶ್!” ಎಂದ ಅವನು. “ಬಲಗಡೆ. ನೀಲಿ. ಹೋಯ್ತು ಹೋಯ್ತು!”

“ಎಲ್ಲಿ?”

“ಮಿಂಚುಳ್ಳಿ ಕಣೇ! ಮೂಗಿನ ಕೆಳಗೇ ಹೋಯ್ತು. ನೋಡ್ಲಿಲ್ವಾ ನೀನು?”

ಅವಳು ನೋಡಿರಲಿಲ್ಲ. ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸಿಕೊಳ್ಳುತ್ತ ನೆಲ ನೋಡುತ್ತಿದ್ದಳು. ಅವನಿಗೋ, ಹಿಡಿಸಲಾರದಷ್ಟು ಸಂತೋಷ. ಅಂಚಿನ ಕಣ್ಣಿಗೆ ಅಲುಗಾಡುವುದು ಬೇಗ ಸಿಗುತ್ತದೆ ಎಂದು ಡಾಕ್ಟರು ಹೇಳಿದ್ದು ನಿಜವಾಯಿತಲ್ಲ.

“ನೋಡಪ್ಪ, ಎರಡು ಕಣ್ಣೂ ನೆಟ್ಟಗಿರೋರ ಕತೆ ಇದು! ನಾನು ಕಂಡೆ, ನೀನು ಕಾಣ್ಲಿಲ್ಲ. ಬರೀಬೇಡ ಮತ್ತೆ. ಲೆಕ್ಕ ಅಂದ್ರೆ ಲೆಕ್ಕ.”

ಒಂದೂವರೆ ಗಂಟೆಯಲ್ಲಿ ಹದಿಮೂರು ಹಕ್ಕಿ ಬರೆದಳು, ನಾಲ್ಕು ಸಲ ಬಾಯಿ ತೆರೆದಳು, ನಾಲ್ಕು ಸಲವೂ “ಚಹಾ ಕುಡೀತೀರಾ?” ಎಂದು ಕೇಳಿ ಮುಚ್ಚಿದಳು. ನಾಲ್ಕನೆಯ ಸಲ ಅವನೇ, “ಏನಮ್ಮ, ಫ್ಲಾಸ್ಕು ಭಾರ ಆಗ್ತಿದ್ಯಾ?” ಎಂದ.

ಕೆರೆಯ ಏರಿಯ ಮೇಲೆ ಒಂದು ಕಲ್ಲುಬೆಂಚು. ಮುಂದೆ ನೀರು, ನೀರಿನಲ್ಲಿ ನೆಟ್ಟ ಹಳೆಯ ಕಂಬದ ಮೇಲೆ ರೆಕ್ಕೆ ಒಣಗಿಸುತ್ತ ಕೂತ ನೀರುಕಾಗೆ. ಅವನು ಮೊಟ್ಟೆಯ ಸಿಪ್ಪೆಯನ್ನು ಬೆರಳಿನಿಂದಲೇ ಸುಲಿಯುತ್ತಿದ್ದ. ಬೆರಳುಗಳಿಗೆ ಮಾತ್ರ ಏನೂ ಆಗಿರಲಿಲ್ಲ, ಸಿಪ್ಪೆ ಒಂದೇ ತುಂಡಾಗಿ ಬಂತು. ಆ ಬೆರಳು ನೋಡಿಯೇ ಅವಳ ಬಾಯಿಂದ ಮಾತು ಹೊರಗೆ ಬಿತ್ತು.

“ಅಣ್ಣಾ, ನಿಮ್ಮ ಕಣ್ಣು ಹೋಗಿದ್ದು ನನ್ನಿಂದ.”

ಅವನು ಮೊಟ್ಟೆ ಹಿಡಿದುಕೊಂಡೇ ಮುಖ ಆಚೆ ತಿರುಗಿಸಿದ, ಎಂದರೆ ಅವಳನ್ನು ನೋಡಿದ.

“ಏನು?”

“ಹೊಸ ಕನ್ನಡಕ ಕೊಟ್ಟಾಗ ಗೆರೆ ಸೊಟ್ಟಗೆ ಕಾಣ್ಸುತ್ತೆ ಅಂತ ಬಂದಿದ್ರಿ. ಹದಿನೈದು ದಿನ ಹಾಕ್ಕೊಂಡು ನೋಡಿ ಅಂದೆ. ಎರಡು ಸಲ ಅಂದೆ. ಅವಾಗ್ಲೇ ಪರೀಕ್ಷೆ ಮಾಡ್ಬೇಕಿತ್ತು ನಾನು. ಮಾಡ್ಲಿಲ್ಲ.”

ಗಡಿಯಾರದಣ್ಣ ಮೊಟ್ಟೆಯನ್ನು ಎರಡು ಮಾಡಿ, ಒಂದು ಹೋಳನ್ನು ಅವಳ ಕೈಗಿಟ್ಟ.

“ತಿನ್ನು. ಇದನ್ನ ಹೊಟ್ಟೇಲಿ ಇಟ್ಕೊಂಡು ಬೆಳಿಗ್ಗೆಯಿಂದ ಚಹಾ ಚಹಾ ಅಂತಿದ್ಯಾ? ನೀನೇನು ಡಾಕ್ಟ್ರಾ? ದಿನಕ್ಕೆ ಐವತ್ತು ಜನ ಬರೋ ಅಂಗಡಿ. ಎಲ್ಲರಿಗೂ ಹೇಳೋ ಮಾತು ನನಗೂ ಹೇಳಿದೆ. ನಾನು ಮೊಂಡ, ಅಷ್ಟಕ್ಕೆ ಸುಮ್ಮನಾದೆ. ಬಿಡು.”

“ಬಿಡೋದು ಹೇಗಣ್ಣ?”

“ಹೇಗೆ ಅಂದ್ರೆ, ಹೀಗೆ. ಗೊತ್ತಿದ್ದೂ ಸುಮ್ಮನಿದ್ದಿದ್ರೆ ಮಾತು ಬೇರೆ. ಗೊತ್ತಿಲ್ಲದೆ ಆಗಿದ್ದಕ್ಕೆ ಯಾರು ಏನು ಮಾಡೋಕಾಗುತ್ತೆ? ಅಗೋ, ಗುಳುಮುಳುಕ! ಬೆನ್ನ ಮೇಲೆ ಏನಾದ್ರೂ ಇದ್ಯಾ ನೋಡು.”

ಇತ್ತು. ಗುಳುಮುಳುಕದ ಬೆನ್ನಿನ ಗರಿಗಳ ನಡುವಿನಿಂದ ಎರಡು ಪಟ್ಟೆಪಟ್ಟೆ ತಲೆಗಳು ಇಣುಕುತ್ತಿದ್ದವು. ತಾಯಿ ಮುಳುಗಿತು, ಮರಿಗಳು ನೀರ ಮೇಲೆ ಉಳಿದು ಕಕ್ಕಾಬಿಕ್ಕಿಯಾದವು, ತಾಯಿ ಎದ್ದಿತು, ಮರಿಗಳು ಮತ್ತೆ ಹತ್ತಿದವು. ಅಲುಗಾಡುತ್ತಿದ್ದುದರಿಂದ ಅವನಿಗೂ ಸಿಕ್ಕಿತು. ಇಬ್ಬರೂ ಕಂಡರು, ಅವಳು ಬರೆದಳು. ಅರ್ಧ ಗಂಟೆ ಅವಳು ನಿಜಕ್ಕೂ ಹಗುರಾಗಿದ್ದಳು. ಚಹಾಕ್ಕೆ ರುಚಿ ಬಂತು. ಇಷ್ಟೇನಾ, ಇದಕ್ಕಾಗಿ ಒಂದು ವರ್ಷ ನಿದ್ದೆ ಕೆಡಿಸಿಕೊಂಡೆನಾ ಎಂದು ತನ್ನನ್ನೇ ಬೈದುಕೊಂಡಳು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ಇಷ್ಟೇ ಹೊತ್ತು. ಏರಿ ಇಳಿದು ಕ್ವಾರಿಯ ದಾರಿ ಹಿಡಿಯುವಷ್ಟರಲ್ಲಿ ಅವನ ಮಾತು ಅವಳ ಕಿವಿಯೊಳಗೆ ತಿರುಗತೊಡಗಿತು. ಗೊತ್ತಿದ್ದೂ ಸುಮ್ಮನಿದ್ದಿದ್ರೆ ಮಾತು ಬೇರೆ. ಅವನು ಕ್ಷಮಿಸಿದ್ದು ಏನೂ ಅರಿಯದೆ ತಪ್ಪು ಮಾಡಿದ ಯಾರೋ ಹೆಂಗಸನ್ನು. ಆ ಕ್ಷಮೆಯನ್ನು ಇವಳು ತನ್ನದೆಂಬಂತೆ ಕೈಚಾಚಿ ಇಸಿದುಕೊಂಡು, ಮೊಟ್ಟೆಯನ್ನೂ ತಿಂದಿದ್ದಳು. ಇಲ್ಲಿಗೇ ನಿಲ್ಲಿಸಬಹುದಿತ್ತು. ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ. ನಿಮ್ಮಾಣೆಗೂ ಅವಳು ನಿಲ್ಲಿಸಲು ನೋಡಿದಳು. ಅವನು ಮುಂದೆ ಮುಂದೆ ಶಿಳ್ಳೆ ಹಾಕಿಕೊಂಡು ನಡೆಯುತ್ತಿದ್ದ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಕ್ವಾರಿಯಲ್ಲಿ ಕಲ್ಲು ಒಡೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಂದು ಕಡೆ ಕಡಿದಾದ ಬಂಡೆಗೋಡೆ, ತಳದಲ್ಲಿ ಹಸಿರು ನೀರು. ಗೋಡೆಯ ನಡುವಿನ ಒಂದು ಬಿರುಕಿನಲ್ಲಿ ಪ್ರತಿ ವಸಂತಕ್ಕೂ ಚಾಣ ಎಂಬ ಬೇಟೆಹಕ್ಕಿಯ ಸಂಸಾರ. ಎದುರಿನ ದಿಬ್ಬವನ್ನು ಹತ್ತಿದರೆ ಗೂಡು ನೇರಕ್ಕೆ ಕಾಣುತ್ತದೆ. ಇಬ್ಬರೂ ಏದುಸಿರು ಬಿಡುತ್ತ ಹತ್ತಿದರು. ಅವಳು ಮುಕ್ಕಾಲಿ ನಿಲ್ಲಿಸಿ, ದೊಡ್ಡ ದುರ್ಬೀನು ಕೂರಿಸಿ, ಗೂಡಿಗೆ ಸರಿಯಾಗಿ ಹಿಡಿದು ಅವನಿಗೆ ಬಿಟ್ಟುಕೊಟ್ಟಳು. ಅವನು ಎಡಗಣ್ಣಿಟ್ಟ, ಬಲಗಣ್ಣಿಟ್ಟ, ಮತ್ತೆ ಎಡಗಣ್ಣಿಟ್ಟ.

“ಏನೋ ಬೆಳ್ಳಗಿದೆ. ಮರಿಯೋ, ಹಿಕ್ಕೆಯೋ, ದೇವರಿಗೇ ಗೊತ್ತು. ಬರೀಬೇಡ.”

“ಮರಿ ಅಣ್ಣ. ಎರಡಿದೆ.”

“ನಿನಗಿದೆ. ನನಗಿಲ್ಲ. ಬರೀಬೇಡ ಅಂದ್ನಲ್ಲ.” ಅವನ ದನಿಯಲ್ಲಿ ಬೇಸರವೇನೂ ಇರಲಿಲ್ಲ. ಒಂದು ಬಂಡೆ ನೋಡಿಕೊಂಡು ಕೂತ.

ಅವಳು ನಿಂತೇ ಇದ್ದಳು. “ಕೆರೆ ಹತ್ರ ನಾನು ಹೇಳಿದ್ದು ಪೂರ್ತಿ ಅಲ್ಲ,” ಎಂದಳು.

“ಇನ್ನೂ ಇದ್ಯಾ? ಮೊಟ್ಟೆ ಖಾಲಿ ಆಯ್ತಲ್ಲಮ್ಮ!”

“ನಗಬೇಡಿ ಅಣ್ಣ, ದಮ್ಮಯ್ಯ. ನೀವು ಮೂರನೇ ಸಲಾನೂ ಬಂದಿದ್ರಿ. ಏನಂದ್ರಿ, ನೆನಪಿದ್ಯಾ? ಕನ್ನಡಕ ತೆಗೆದ್ರೂ ಮುಳ್ಳು ಸೊಟ್ಟಗೇ ಕಾಣ್ಸುತ್ತೆ ಅಂದ್ರಿ.”

“ಅಂದಿರಬಹುದು.”

“ತೆಗೆದ್ರೂ ಸೊಟ್ಟ ಅಂದ್ರೆ ಅದು ಗಾಜಿಂದಲ್ಲ, ಕಣ್ಣಿಂದು. ಇದು ನಮ್ಮ ಕಸುಬಿನಲ್ಲಿ ಮೊದಲನೇ ಪಾಠ. ನನಗೆ ಆ ಕ್ಷಣಾನೇ ಗೊತ್ತಾಯ್ತು. ಕಾರ್ಡು ಕೈ ಕೆಳಗಿನ ಡ್ರಾಯರ್‌ನಲ್ಲೇ ಇತ್ತು. ತೆಗೀಲಿಲ್ಲ.”

ಅವನು ನಗು ನಿಲ್ಲಿಸಿದ್ದ. “ಯಾಕೆ?” ಎಂದ.

“ಅವತ್ತು ಶುಕ್ರವಾರ. ಭಾನುವಾರ ಇಲ್ಲಿಗೆ ಬರೋದಿತ್ತು. ಕಾರ್ಡು ತೋರಿಸಿದ್ರೆ ಮಾರನೇ ದಿನಾನೇ ನಿಮ್ಮನ್ನ ಆಸ್ಪತ್ರೆಗೆ ಕಳಿಸ್ಬೇಕಾಗ್ತಿತ್ತು. ಚಾಣದ ಮೊಟ್ಟೆ ಒಡೆದು ಮರಿ ಬಂದು ನಾಲ್ಕು ದಿನ ಆಗಿತ್ತು. ವರ್ಷವಿಡೀ ಕಾದಿದ್ದೆ ಅಣ್ಣ. ಒಬ್ಬಳೇ ಬಂದ್ರೆ ಲೆಕ್ಕಕ್ಕೆ ಬರಲ್ವಲ್ಲ. ಭಾನುವಾರ ಒಂದು ಕಳೀಲಿ, ಸೋಮವಾರ ನೋಡೋಣ ಅಂದ್ಕೊಂಡೆ.”

“ಸೋಮವಾರ?”

“ನೀವು ಏನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಮೂರು ದಿನ ತಡ ಮಾಡಿದೆ ಅಂತ ಹೇಗೆ ಹೇಳೋದು ಅಂತ ಒಂದು ವಾರ ಹೋಯ್ತು. ಒಂದು ವಾರ ತಡ ಮಾಡಿದೆ ಅಂತ ಹೇಗೆ ಹೇಳೋದು ಅಂತ ಒಂದು ತಿಂಗಳು ಹೋಯ್ತು.”

ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ಪಕ್ಕದ ಮನೆ.

ಗಡಿಯಾರದಣ್ಣ ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಿದ್ದ. ಬಿಚ್ಚಿಟ್ಟ ಗಡಿಯಾರದ ಬಿಡಿಭಾಗಗಳನ್ನು ಒಂದೊಂದಾಗಿ ಎತ್ತುವಾಗ ಇರುತ್ತಿದ್ದ ನಿಧಾನ ಅವನ ಮಾತಿಗೆ ಬಂದಿತ್ತು.

“ಅವತ್ತು ನೀನು ಕನ್ನಡಕ ಇಸ್ಕೊಂಡು ಒಳಗೆ ಹೋದೆ. ಏನೋ ಸರಿ ಮಾಡಿ ತಂದುಕೊಟ್ಟೆ.”

“ಏನೂ ಮಾಡ್ಲಿಲ್ಲ. ಫ್ರೇಮು ಬಿಸಿ ಮಾಡಿ, ಒರೆಸಿ, ಹಾಗೇ ತಂದುಕೊಟ್ಟೆ.”

“ಹ್ಞೂಂ. ಮೂಗಿನ ಮೇಲೆ ಬೆಚ್ಚಗಿತ್ತು.” ಅವನ ಒಂದು ಬೆರಳು ಮೂಗಿಗೆ ಹೋಯಿತು. “ಈಗ ಎಷ್ಟೋ ವಾಸಿ ತಂಗೀ, ಅಂದೆ ನಾನು.”

ಬಂಡೆಗೋಡೆಯ ಕಡೆಯಿಂದ ಚಾಣ ಕಿರುಚಿಕೊಂಡು ಹೊರಟು, ಅವರ ತಲೆಯ ಮೇಲೇ ಹಾದುಹೋಯಿತು. ಇಬ್ಬರಲ್ಲಿ ಯಾರೂ ನೋಡಲಿಲ್ಲ.

“ಆ ಭಾನುವಾರ ಮರಿ ಎಷ್ಟು ಅಂತ ಬರೆದಿದ್ದೀಯ?” ಎಂದು ಕೇಳಿದ.

“ಮೂರು.”

“ನಾನು ನೋಡಿರಲಿಲ್ಲ.”

ಅವಳಿಗೆ ಅರ್ಥವಾಗಲಿಲ್ಲ.

“ಈ ದುರ್ಬೀನಿನಲ್ಲಿ ಕಣ್ಣಿಟ್ಟರೆ ನಡುವೆ ಬೂದಿ ಬಣ್ಣದ ಕಲೆ. ಗೂಡು ಇರೋ ಜಾಗದಲ್ಲೇ ಕಲೆ. ನೀನು ಪಕ್ಕದಲ್ಲಿ ನಿಂತು ಮೂರು ಅಣ್ಣ, ಮೂರು ಅಂತ ಚಿಕ್ಕ ಹುಡುಗಿ ಥರ ಕುಣೀತಿದ್ದೆ. ನಿನ್ನ ಖುಷಿ ಯಾಕೆ ಹಾಳು ಮಾಡ್ಲಿ ಅಂತ ನಾನೂ ಮೂರು ಅಂದೆ. ನನ್ನ ಜೀವನದಲ್ಲಿ ಲೆಕ್ಕಕ್ಕೆ ಸುಳ್ಳು ಹೇಳಿದ್ದು ಅದೊಂದೇ ಸಲ.”

ಅವಳು ಅಲ್ಲೇ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಒಂದು ಕಣ್ಣು ಕೊಟ್ಟು ಕೊಂಡುಕೊಂಡ ಭಾನುವಾರ ಅದು, ಅದರಲ್ಲೂ ಅವನ ಪಾಲಿಗೆ ಏನೂ ಇರಲಿಲ್ಲ.

“ಅಳಬೇಡ,” ಎಂದ ಗಡಿಯಾರದಣ್ಣ. “ನೀನು ಅತ್ತರೆ ನಾನು ಸಮಾಧಾನ ಮಾಡ್ಬೇಕಾಗುತ್ತೆ. ಇವತ್ತು ನನ್ನ ಕೈಲಾಗಲ್ಲ.”

ಅವಳು 'ತಪ್ಪಾಯ್ತು' ಎನ್ನಲು ಬಾಯಿ ತೆರೆದಳು. ಅದಕ್ಕೂ ಅವನು ಬಿಡಲಿಲ್ಲ.

“ಒಂದು ವರ್ಷ ನನ್ನನ್ನ ನಾನೇ ಬೈಕೊಂಡಿದ್ದೀನಿ. ಇಂಥ ದಡ್ಡ ಇದ್ದೀನಲ್ಲ, ಒಂದು ಸಲ ಡಾಕ್ಟ್ರಿಗೆ ತೋರಿಸಬಾರದಿತ್ತಾ ಅಂತ. ಹೆಂಡತಿ ಮುಂದೆ ಬೈಕೊಂಡೆ. ಡಾಕ್ಟ್ರ ಮುಂದೆ ಬೈಕೊಂಡೆ. ನೀನು ಅಲ್ಲೇ ನಿಂತಿದ್ದೆ. ಒಂದೇ ಒಂದು ಸಲ ಇಲ್ಲ ಅಣ್ಣ, ನೀವು ಬಂದಿದ್ರಿ, ಮೂರು ಸಲ ಬಂದಿದ್ರಿ ಅಂತ ಹೇಳಿದ್ದಿದ್ರೆ, ಕಣ್ಣು ಬರ್ತಿರಲಿಲ್ಲ. ಆದ್ರೆ ನಾನು ದಡ್ಡ ಅಲ್ಲ ಅಂತಾದ್ರೂ ನನಗೆ ಗೊತ್ತಾಗ್ತಿತ್ತು.”

ಇದು ಅವಳಿಗೆ ಹೊಳೆದೇ ಇರಲಿಲ್ಲ. ಕಣ್ಣು ಕಳೆದದ್ದೊಂದೇ ತನ್ನ ತಪ್ಪೆಂದು ವರ್ಷವಿಡೀ ಒಳಗೊಳಗೇ ಬೇಯುತ್ತಿದ್ದವಳು, ಅವನು ತಲೆ ತಗ್ಗಿಸಿ ಓಡಾಡುತ್ತಿದ್ದುದು ಕಣ್ಣಿಲ್ಲದ್ದಕ್ಕೆ ಎಂದೇ ತಿಳಿದಿದ್ದಳು. ಅವಳು ದುರ್ಬೀನು ಬಿಚ್ಚಿ ಚೀಲಕ್ಕೆ ಹಾಕಿದಳು, ಮುಕ್ಕಾಲಿ ಮಡಚಿದಳು.

“ಮನೆಗೆ ಹೋಗೋಣ,” ಎಂದು ಅವನು ಎದ್ದ.

ಆ ದಿಬ್ಬ ಹತ್ತುವುದು ಹೇಗೋ ಆಗುತ್ತದೆ. ಇಳಿಯುವಾಗ ಕಾಲ ಕೆಳಗೆ ಜಲ್ಲಿ ಜಾರುತ್ತದೆ, ಪಾದದ ಮುಂದಿನ ಕಲ್ಲು ನೋಡಿ ಪಾದ ಇಡಬೇಕು. ಅವನು ನೋಡಬೇಕಾದ ಜಾಗದಲ್ಲೇ ಅವನಿಗೆ ಕಣ್ಣಿಲ್ಲ. ಅವಳು ಓಡಿಹೋಗಿ ಕೈ ಚಾಚಿದಳು. ಅವನು ಆ ಕೈಯನ್ನು ಹಿಡಿಯದೆ ದಾಟಿ ಹೋದ. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರನೆಯದಕ್ಕೆ ಜಲ್ಲಿ ಸರಿಯಿತು. ಅಂಗೈ ಊರಿ ಕೂತಲ್ಲೇ ಎರಡು ಮಾರು ಜಾರಿ ನಿಂತ.

“ಅಣ್ಣಾ!”

“ಬರಬೇಡ.”

ಅವಳು ಇದ್ದಲ್ಲೇ ನಿಂತಳು. ಅವನು ಬೆನ್ನು ತಿರುಗಿಸಿಕೊಂಡು ಕೂತು, ತರಚಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೆಳಗಿನ ಹಸಿರು ನೀರಿನ ಕಡೆ, ಅಲ್ಲಿಂದಾಚೆಯ ರಸ್ತೆಯ ಕಡೆ ಮುಖ ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ತಿರುಗದೆಯೇ ಕೈಯನ್ನು ಪಕ್ಕಕ್ಕೆ ಚಾಚಿದ.

“ಕೈ ಕೊಡು.”

ಅವಳು ಇಳಿದು ಬಂದು ಕೊಟ್ಟಳು. ಅವನು ಎದ್ದು ನಿಂತ.

“ಸಿಟ್ಟು ಹೋಯ್ತು ಅಂದ್ಕೋಬೇಡ. ನಾನು ಇಳೀಬೇಕಲ್ಲ, ಅದಕ್ಕೆ.”

“ಗೊತ್ತಣ್ಣ.”

“ನಾಳೆಯಿಂದ ಚಹಾಕ್ಕೆ ಕರೀಬೇಡ. ಬರೋ ಮನಸ್ಸಾದ್ರೆ ನಾನೇ ಬರ್ತೀನಿ. ಆಗದೆ ಇದ್ರೆ ಇಲ್ಲ.”

“ಆಯ್ತಣ್ಣ. ಎಡಕ್ಕೆ ಕಲ್ಲಿದೆ, ಅದರ ಪಕ್ಕ ಇಡಿ. ಅಲ್ಲಿ ನೆಲ ಗಟ್ಟಿಯಾಗಿದೆ.”

ಹದಿನಾಲ್ಕು ವರ್ಷದಲ್ಲಿ ಅವಳು ಆಚೆ ಎಂದರೆ ಆಚೆ, ಈಚೆ ಎಂದರೆ ಈಚೆ ನೋಡಿದ ಮನುಷ್ಯ ಅವನು. ಈಗ ಪಾದವನ್ನು ಮುಂದೆ ಚಾಚಿ, ಬೂಟಿನ ತುದಿಯಿಂದ ನೆಲವನ್ನು ಒಂದು ಸಲ ತಟ್ಟಿದ, ಇನ್ನೊಂದು ಸಲ ತಟ್ಟಿದ, ಆಮೇಲೆ ಭಾರ ಬಿಟ್ಟ. ನೆಲ ಗಟ್ಟಿಯಾಗಿಯೇ ಇತ್ತು. ಮುಂದಿನ ಹೆಜ್ಜೆಗೂ ಹಾಗೆಯೇ ತಟ್ಟಿ ನೋಡಿದ. ಅವಳು ಪ್ರತಿ ಸಲವೂ ಕಲ್ಲು ಎಲ್ಲಿದೆ ಎಂದು ಹೇಳಿ, ಅವನು ತಟ್ಟಿ ನೋಡಿ ಮುಗಿಸುವವರೆಗೆ ಕಾದು, ಇನ್ನೊಂದು ಕಲ್ಲು ಹೇಳುತ್ತ ಇಳಿದಳು.